ಸಹಾಯ ಬೇಕು: ಶುಂಠಿ ಸೊರಗು ರೋಗಕ್ಕೆ ಲಕ್ಕಿ ಸೊಪ್ಪಿನ ಸಾರ

ಎಲ್ಲರಿಗೂ ನಮಸ್ಕಾರ. ನಾನು ಸಾಗರದ ಕಡೆಯವಳು, ಮೈಕ್ರೋಬಯಾಲಜಿ ಎಂಎಸ್ಸಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಶುಂಠಿಯ ದುಂಡಾಣು ಸೊರಗು ರೋಗ ತಗೊಂಡಿದ್ದೇನೆ. ಮಳೆಗಾಲದಲ್ಲಿ ಎಲೆ ಹಸಿರಿದ್ದಾಗಲೇ ಸುರುಳಿ ಸುತ್ತಿ ಗಿಡ ಬಾಡುತ್ತದಲ್ಲ, ಅದೇ. ಅಂಥ ಕಾಂಡ ಕೊಯ್ದು ಗಾಜಿನ ಲೋಟದ ನೀರಲ್ಲಿ ಹಿಡಿದರೆ ಹಾಲಿನಂಥ ಎಳೆ ನಿಧಾನಕ್ಕೆ ಕೆಳಗಿಳಿಯುತ್ತದೆ. ಅದು ರಾಲ್‌ಸ್ಟೋನಿಯಾ ಬ್ಯಾಕ್ಟೀರಿಯಾ. ಮಣ್ಣಲ್ಲೇ ಉಳಿದು ಮುಂದಿನ ಬೆಳೆಗೂ ಬರುತ್ತದೆ.

ಲಕ್ಕಿ, ಆಡುಸೋಗೆ, ದೊಡ್ಡಪತ್ರೆ ಎಲೆಗಳನ್ನು ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಮೆಥನಾಲ್ ಅನ್ನೋ ಆಲ್ಕೋಹಾಲಿನಲ್ಲೂ ನೀರಲ್ಲೂ ಸಾರ ತೆಗೆದಿದ್ದೇನೆ. ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಪ್ಲೇಟಲ್ಲಿ ಗುಳಿ ಕೊರೆದು ಸಾರ ಹಾಕಿದಾಗ ಲಕ್ಕಿಯ ಮೆಥನಾಲ್ ಸಾರದ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವಲಯ ಚೆನ್ನಾಗಿ ಬರುತ್ತದೆ. ಬರೀ ಮೆಥನಾಲ್ ಹಾಕಿದ ಕಡೆ ಏನೂ ಇಲ್ಲ. ಹಾಗಾಗಿ ಗುಣ ಎಲೆಯದ್ದೇ. ಆದರೆ ನೀರಿನ ಸಾರಕ್ಕೆ ವಲಯವೇ ಬರುತ್ತಿಲ್ಲ. ಮೆಥನಾಲ್ ವಿಷ, ಅದನ್ನು ರೈತರ ಕೈಗೆ ಕೊಡೋಕಾಗುತ್ತಾ? ಮೇಲಾಗಿ ಪ್ಲೇಟಲ್ಲಿ ಗೆದ್ದದ್ದು ಮಣ್ಣಲ್ಲೂ ಗೆಲ್ಲಬೇಕು ಅಂತಿಲ್ಲ. ಸಾರದ ಅಂಶ ಜೇಡಿಗೆ, ಗೊಬ್ಬರಕ್ಕೆ ಅಂಟಿಕೊಂಡುಬಿಡುತ್ತದೆ ಅಲ್ವಾ.

ಕುದಿಸಿಯೋ ಗಂಜಲದಲ್ಲಿ ಕೊಳೆಸಿಯೋ ಲಕ್ಕಿ ಸಾರ ಮಾಡಿ ಶುಂಠಿಗೆ ಹಾಕಿ ನೋಡಿದವರು ಇದ್ದರೆ ದಯವಿಟ್ಟು ಹೇಳಿ. ಸೊಪ್ಪು ಎಷ್ಟು, ನೀರೆಷ್ಟು, ಎಷ್ಟು ದಿನ ಇಟ್ಟಿರಿ, ಎಲ್ಲವೂ ಬೇಕು. ಬೇರಿಗೆ ಒಳ್ಳೆಯದು ಮಾಡುವ ಬ್ಯಾಸಿಲಸ್, ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಗಳೂ ಇದರಿಂದ ಸಾಯುತ್ತವಾ ಅಂತ ಪರೀಕ್ಷೆ ಮಾಡಿದ ಅನುಭವಿಗಳ ಮಾತು ಇನ್ನೂ ಮುಖ್ಯ.

ಸೊರಬ, ಹೊಸನಗರದ ಕಡೆ ಈಗ ರೋಗ ಬಿದ್ದ ಮಡಿ ಇದ್ದರೂ ತಿಳಿಸಿ. ನಾನೇ ಬಂದು ಬೇರು, ಮಣ್ಣಿನ ಸಮೇತ ಗಿಡ ತಗೊಂಡು ಹೋಗುತ್ತೇನೆ. ಅಲ್ಲಿಯವರೆಗೆ ಕಿತ್ತು ಫ್ರಿಜ್ಜಲ್ಲಿ ಇಡಬೇಡಿ, ಚಳಿಗೆ ಈ ಬ್ಯಾಕ್ಟೀರಿಯಾ ಪ್ಲೇಟಲ್ಲಿ ಬೆಳೆಯುವುದನ್ನೇ ನಿಲ್ಲಿಸುತ್ತದೆ.