ಹರ್ಷಿಯ ಹಳೆಯ ಕಾರು ಬಿಡಿಭಾಗಗಳ ಸಂತೆ: 1930ರ ಫೋರ್ಡ್‌ಗಾಗಿ ಮೊದಲ ಸಲ ಹೋಗುತ್ತಿದ್ದೇನೆ, ಸಲಹೆ ಬೇಕು

ಪ್ರಶ್ನೆ: ಸಕಲೇಶಪುರದವನು (ಈಗ ನ್ಯೂಜೆರ್ಸಿ)

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಬಳಿ ನಮ್ಮ ತೋಟದ ಮನೆಯಲ್ಲಿ ಅಜ್ಜ ಓಡಿಸುತ್ತಿದ್ದ ಫೋರ್ಡ್ ಮಾಡೆಲ್ ಎ ಕಾರು ಇದೆ. 1930ರ ಗಾಡಿ, ನಾಲ್ಕು ಬಾಗಿಲು, ಬಟ್ಟೆಯ ಹುಡ್. ಅಜ್ಜ ತೀರಿಕೊಂಡ ಮೇಲೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಾಫಿ ಗೋದಾಮಿನ ಪಕ್ಕದ ಶೆಡ್ಡಿನಲ್ಲಿ ನಿಂತಿದ್ದ ಅದನ್ನು ಮತ್ತೆ ರಸ್ತೆಗೆ ಇಳಿಸಬೇಕೆಂದು ಊರಿನಲ್ಲಿರುವ ನನ್ನ ತಮ್ಮ ಮತ್ತು ನಾನು ಕಳೆದ ವರ್ಷ ತೀರ್ಮಾನಿಸಿದೆವು. ಎಂಜಿನ್ ಕೈಯಿಂದ ತಿರುಗುತ್ತದೆ, ಚಾಸಿ ಗಟ್ಟಿಯಾಗಿದೆ, ಬಾಡಿಯ ತಗಡು ಎರಡು ಕಡೆ ಮಾತ್ರ ತುಕ್ಕು ತಿಂದಿದೆ.

ಕೊರತೆ ಇರುವುದು ಸಣ್ಣ ಭಾಗಗಳಲ್ಲಿ. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಮೂಲದ ಜೆನಿತ್ ಕಾರ್ಬ್ಯುರೇಟರನ್ನು ಎಂದೋ ತೆಗೆದು, ತಗಡಿನ ತುಂಡೊಂದನ್ನು ಬೆಸುಗೆ ಹಾಕಿ, ಜೀಪಿನ ಕಾರ್ಬ್ಯುರೇಟರ್ ಕೂರಿಸಿದ್ದಾರೆ. ಆ ಕೆಲಸ ಮಾಡಿದ ಮೆಕ್ಯಾನಿಕ್ ಹಳೆಯದನ್ನು ಹಿಂದಿರುಗಿಸಲೇ ಇಲ್ಲ ಎಂಬುದು ಅಜ್ಜನ ಕೊನೆಯವರೆಗಿನ ಬೇಸರವಾಗಿತ್ತು. ಸ್ಪೀಡೋಮೀಟರ್ ಇಲ್ಲ. ಹೆಡ್‌ಲೈಟ್ ಒಂದೇ ಉಳಿದಿದೆ. ಸ್ಪಾರ್ಕ್ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಶಾಫ್ಟ್ ಅಲುಗಾಡುತ್ತದೆ. ಎಲ್ಲಕ್ಕಿಂತ ದೊಡ್ಡ ಚಿಂತೆ ಸ್ಟಿಯರಿಂಗ್ ಬಾಕ್ಸಿನದು: ಚಕ್ರವನ್ನು ಕಾಲು ಸುತ್ತು ತಿರುಗಿಸಿದ ಮೇಲಷ್ಟೇ ಮುಂದಿನ ಗಾಲಿಗಳು ಅಲುಗಲು ಆರಂಭಿಸುತ್ತವೆ.

ಪೆನ್ಸಿಲ್ವೇನಿಯದ ಹರ್ಷಿಯಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ದೊಡ್ಡ ಸ್ವಾಪ್ ಮೀಟ್ ನನ್ನ ಮನೆಯಿಂದ ಸುಮಾರು ಮೂರು ಗಂಟೆಯ ದಾರಿ. ರಜೆ ಹಾಕಿ ಹೋಗುವುದು ಸಾರ್ಥಕವೇ, ಎಷ್ಟು ದಿನ ಬೇಕು, ಏನನ್ನು ಕೊಂಡೊಯ್ಯಬೇಕು, ಕೊಂಡ ಸಾಮಾನನ್ನು ಊರಿಗೆ ತಲುಪಿಸುವುದು ಹೇಗೆ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ಹಳೇಗಾಲಿ (ಪೆನ್ಸಿಲ್ವೇನಿಯ)

ಖಂಡಿತ ಹೋಗಿ. ನಾನು ಹನ್ನೊಂದು ವರ್ಷಗಳಿಂದ ತಪ್ಪದೆ ಹೋಗುತ್ತಿದ್ದೇನೆ, ಇಂದಿಗೂ ಆ ಮೈದಾನದ ಎಲ್ಲ ಸಾಲುಗಳನ್ನು ಒಂದೇ ವರ್ಷದಲ್ಲಿ ನಡೆದು ಮುಗಿಸಿಲ್ಲ.

ಆಂಟಿಕ್ ಆಟೊಮೊಬೈಲ್ ಕ್ಲಬ್ ಆಫ್ ಅಮೆರಿಕ ಎಂಬ ಸಂಘ 1935ರಲ್ಲಿ ಹುಟ್ಟಿತು. ಅದರ ಹರ್ಷಿ ಶಾಖೆ 1955ರಿಂದ ಈ ಶರತ್ಕಾಲದ ಮೇಳವನ್ನು ನಡೆಸುತ್ತಿದೆ. ಚಾಕೊಲೇಟ್ ಕಾರ್ಖಾನೆಯಿಂದ ಹೆಸರಾದ ಊರಾದ್ದರಿಂದ ಮೈದಾನಗಳಲ್ಲೊಂದಕ್ಕೆ ಚಾಕೊಲೇಟ್ ಎಂದೇ ಹೆಸರಿದೆ. ಕೆಂಪು, ಹಸಿರು, ಕಿತ್ತಳೆ ಎಂಬ ಹೆಸರಿನವೂ ಇವೆ. ಮಾರಾಟದ ಜಾಗಗಳ ಲೆಕ್ಕ ಸಾವಿರಗಳಲ್ಲಿದೆ. ಹಿಂದೆ ಇವೆಲ್ಲ ಹುಲ್ಲುಗಾವಲಾಗಿದ್ದವು, ಮಳೆ ಬಂದ ವರ್ಷ ಮೊಣಕಾಲುದ್ದ ಕೆಸರಿನಲ್ಲಿ ವ್ಯಾಪಾರ ನಡೆಯುತ್ತಿತ್ತು ಎಂದು ಹಿರಿಯರು ಈಗಲೂ ನೆನೆಯುತ್ತಾರೆ. ಈಗ ಹೆಚ್ಚಿನ ಭಾಗಕ್ಕೆ ಡಾಂಬರು ಬಿದ್ದಿದೆ. ನೋಡಲು ಬರುವವರಿಗೆ ಪ್ರವೇಶ ಉಚಿತ, ವಾಹನ ನಿಲ್ಲಿಸಲು ಮಾತ್ರ ಹಣ ಕೊಡಬೇಕು. ಕಾರುಗಳ ಪ್ರದರ್ಶನ ಕೊನೆಯ ದಿನ ಇರುತ್ತದೆ. ಅದು ಕಣ್ಣಿಗೆ ಹಬ್ಬ, ಆದರೆ ನಿಮ್ಮ ಕೆಲಸ ಅದಕ್ಕೂ ಮೊದಲಿನ ದಿನಗಳಲ್ಲಿದೆ.

ಕನಿಷ್ಠ ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಬೆಳಕು ಹರಿಯುವ ಹೊತ್ತಿಗೇ ಮೈದಾನದಲ್ಲಿರಬೇಕು, ಏಕೆಂದರೆ ಅಪರೂಪದ ಭಾಗಗಳು ಮೇಜಿನ ಮೇಲೆ ಇಟ್ಟ ಅರ್ಧ ಗಂಟೆಯೊಳಗೆ ಕೈ ಬದಲಾಯಿಸುತ್ತವೆ. ಎಷ್ಟೋ ಸಲ ಮಾರಾಟಗಾರರೇ ಒಬ್ಬರಿಂದೊಬ್ಬರು ಕೊಂಡುಬಿಡುತ್ತಾರೆ. ಎರಡನೆಯ ದಿನ ಬೆಲೆ ಮಾತಾಡಲು. ಭಾರದ ಸಾಮಾನನ್ನು ಮತ್ತೆ ಲಾರಿಗೆ ಏರಿಸಿ ಮನೆಗೆ ಒಯ್ಯುವ ಬದಲು ಕಡಿಮೆಗೆ ಕೊಟ್ಟುಬಿಡೋಣ ಎಂಬ ಮನಸ್ಸು ಸಂತೆ ಮುಗಿಯುವ ಹೊತ್ತಿಗೆ ಎಲ್ಲ ಊರಿನ ವ್ಯಾಪಾರಿಗಳಿಗೂ ಬರುತ್ತದೆ. ಒಳ್ಳೆಯ ಮಾರಾಟಗಾರರು ವರ್ಷ ವರ್ಷವೂ ಅದೇ ಜಾಗ ಹಿಡಿಯುತ್ತಾರೆ. ಆದ್ದರಿಂದ ಮೈದಾನದ ಹೆಸರು, ಸಾಲು, ಜಾಗದ ಸಂಖ್ಯೆ ಮೂರನ್ನೂ ಚೀಟಿಯಲ್ಲಿ ಬರೆದುಕೊಳ್ಳಿ. "ಆಮೇಲೆ ಬಂದು ನೋಡುತ್ತೇನೆ" ಎಂದು ಮುಂದೆ ನಡೆದ ಜಾಗವನ್ನು ನೆನಪಿನಿಂದ ಮತ್ತೆ ಹುಡುಕುವುದು ಅಸಾಧ್ಯವೆಂದೇ ತಿಳಿಯಿರಿ. ವಸತಿಯನ್ನು ಈಗಲೇ ಕಾದಿರಿಸಿ. ಹರ್ಷಿಯಲ್ಲಿ ಸಿಗದಿದ್ದರೆ ಹ್ಯಾರಿಸ್‌ಬರ್ಗ್ ಹತ್ತಿರದಲ್ಲೇ ಇದೆ.

ಇನ್ನು ಮುಖ್ಯ ವಿಷಯ. ಮಾಡೆಲ್ ಎ ಸುಮಾರು 48 ಲಕ್ಷ ತಯಾರಾದ ಕಾರು. ಗ್ಯಾಸ್ಕೆಟ್, ರಬ್ಬರ್, ವೈರಿಂಗ್, ಬ್ರೇಕ್ ಲೈನಿಂಗ್, ಪಾಯಿಂಟ್, ಕಂಡೆನ್ಸರ್ ಎಲ್ಲವೂ ಹೊಸದಾಗಿ ತಯಾರಾಗುತ್ತಿವೆ, ಕುಳಿತಲ್ಲೇ ತರಿಸಿಕೊಳ್ಳಬಹುದು. ಅವುಗಳಿಗಾಗಿ ಹರ್ಷಿಯಲ್ಲಿ ಒಂದು ನಿಮಿಷವನ್ನೂ ಕಳೆಯಬೇಡಿ. ಅಲ್ಲಿ ಹುಡುಕಬೇಕಾದದ್ದು ಹಳೆಯ ಎರಕದ ಮೂಲ ಭಾಗಗಳನ್ನು.

ನಿಮ್ಮ ಪಟ್ಟಿಯಲ್ಲಿ ಮೊದಲನೆಯದು ಜೆನಿತ್ ಕಾರ್ಬ್ಯುರೇಟರ್. ಅದರ ಮೇಲಿನ ಮತ್ತು ಕೆಳಗಿನ ಎರಡು ಎರಕದ ಹೋಳುಗಳನ್ನು ಒಂದೇ ಒಂದು ಉದ್ದನೆಯ ಬೋಲ್ಟ್ ಹಿಡಿದಿಟ್ಟಿರುತ್ತದೆ. ಪೆಟ್ರೋಲ್ ಸೋರುತ್ತಿದೆ ಎಂದು ತೊಂಬತ್ತು ವರ್ಷಗಳಲ್ಲಿ ಯಾರೋ ಒಬ್ಬರು ಆ ಬೋಲ್ಟನ್ನು ಬಲವಾಗಿ ಬಿಗಿದಿರುತ್ತಾರೆ, ಅಂಚು ಬಾಗಿರುತ್ತದೆ ಅಥವಾ ಬಿರುಕು ಬಿಟ್ಟಿರುತ್ತದೆ. ಮಾರಾಟಗಾರರ ಅನುಮತಿ ಕೇಳಿ ಬೋಲ್ಟ್ ಬಿಚ್ಚಿ, ಎರಡೂ ಅಂಚುಗಳನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಥ್ರಾಟಲ್ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಿ. ಸಡಿಲವಿದ್ದರೆ ಅಲ್ಲಿಂದ ಗಾಳಿ ಒಳನುಗ್ಗಿ ಎಂಜಿನ್ ಐಡಲಿನಲ್ಲಿ ನಿಲ್ಲುವುದಿಲ್ಲ. ಪೆಟ್ರೋಲ್ ಹರಿವನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್‌ಗಳು, ಅಂದರೆ ಮುಖ್ಯ ಜೆಟ್, ಕ್ಯಾಪ್ ಜೆಟ್, ಕಾಂಪೆನ್ಸೇಟರ್, ಐಡಲ್ ಜೆಟ್ ನಾಲ್ಕೂ ಇವೆಯೇ ಎಂದು ಎಣಿಸಿ. ಈ ಗಾಡಿಯಲ್ಲಿ ಪೆಟ್ರೋಲ್ ಪಂಪ್ ಇಲ್ಲ, ಗಾಜಿನ ಮುಂದಿರುವ ಟ್ಯಾಂಕಿನಿಂದ ಇಂಧನ ತನ್ನ ಭಾರಕ್ಕೇ ಕೆಳಗಿಳಿಯುತ್ತದೆ. ಹೀಗಾಗಿ ಸೋರುವ ಕಾರ್ಬ್ಯುರೇಟರ್ ಎಂದರೆ ಬರಿಯ ಖರ್ಚಲ್ಲ, ಬೆಂಕಿಯ ಭಯ.

ಸ್ಪೀಡೋಮೀಟರ್ ಕೊಳ್ಳುವ ಮೊದಲು ತಮ್ಮನಿಂದ ಡ್ಯಾಶ್‌ಬೋರ್ಡಿನ ಚಿತ್ರ ತರಿಸಿಕೊಳ್ಳಿ. 1930ರ ಮೊದಲ ಭಾಗದವರೆಗೆ ಮೊಟ್ಟೆಯಾಕಾರದ ಸ್ಪೀಡೋಮೀಟರ್ ಬರುತ್ತಿತ್ತು, ಆ ವರ್ಷದ ನಡುವೆ ದುಂಡನೆಯದು ಬಂತು. ನಿಮ್ಮದು ಯಾವುದು ಎಂಬುದನ್ನು ಫಲಕದ ತೂತಿನ ಆಕಾರವೇ ಹೇಳುತ್ತದೆ. ಹೆಡ್‌ಲೈಟಿನಲ್ಲೂ ಎಚ್ಚರ ಬೇಕು: 1928 ಮತ್ತು 1929ರ ಲೈಟುಗಳಿಗೆ ನಿಕಲ್ ಲೇಪ, 1930 ಮತ್ತು 1931ರವು ತುಕ್ಕು ಹಿಡಿಯದ ಉಕ್ಕಿನವು. ಗಾಲಿಯೂ ಹಾಗೆಯೇ, ಮೊದಲ ಎರಡು ವರ್ಷ 21 ಅಂಗುಲ, ನಂತರ 19. ಮಾರಾಟಗಾರರು ಎಲ್ಲವನ್ನೂ "ಮಾಡೆಲ್ ಎ" ಎಂದು ಒಂದೇ ರಾಶಿ ಹಾಕಿರುತ್ತಾರೆ. ಅದರಲ್ಲಿ ಮೋಸವಿಲ್ಲ, ಎಷ್ಟೋ ಜನರಿಗೆ ವ್ಯತ್ಯಾಸ ಗೊತ್ತಿರುವುದಿಲ್ಲ.

ಜೊತೆಗೆ ಕೊಂಡೊಯ್ಯಬೇಕಾದವು: ನಗದು ಹಣ, ಟಾರ್ಚ್, ವರ್ನಿಯರ್ ಕ್ಯಾಲಿಪರ್, ಅಳತೆ ಟೇಪು, ಎಳೆದುಕೊಂಡು ಹೋಗಲು ಸಣ್ಣ ಗಾಡಿ, ಮಳೆ ಅಂಗಿ, ನಡೆದು ಪಳಗಿದ ಬೂಟು. ಇವೆಲ್ಲಕ್ಕಿಂತ ಉಪಯುಕ್ತವಾದದ್ದು ನಿಮ್ಮದೇ ಹಳೆಯ ಭಾಗ. ಡಿಸ್ಟ್ರಿಬ್ಯೂಟರನ್ನು ಊರಿನಿಂದ ತರಿಸಿಕೊಳ್ಳಲು ಸಾಧ್ಯವಾದರೆ ತರಿಸಿ ಚೀಲದಲ್ಲಿ ಇಟ್ಟುಕೊಳ್ಳಿ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡುವಾಗ ಆಗುವ ಖಾತ್ರಿ ಯಾವ ಕ್ಯಾಟಲಾಗಿನಿಂದಲೂ ಆಗುವುದಿಲ್ಲ.

ಉತ್ತರ: ಗುಜರಿ ಪ್ರೇಮಿ (ಬೆಂಗಳೂರು)

ಮೇಲಿನವರು ಹೇಳಿದ ಪ್ರತಿ ಮಾತೂ ಸರಿ. ಆದರೆ ಅಮೆರಿಕದ ಗಾಡಿಗಳು ಎಡಬದಿಯ ಸ್ಟಿಯರಿಂಗಿನವು, ನಮ್ಮ ದೇಶದಲ್ಲಿ ಓಡಿದ ನಿಮ್ಮದು ಬಲಬದಿಯದು. ಈ ವ್ಯತ್ಯಾಸವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಹೋದರೆ ದುಡ್ಡೂ ಹೋಗುತ್ತದೆ, ಉತ್ಸಾಹವೂ ಹೋಗುತ್ತದೆ. ಪರಿಚಿತರೊಬ್ಬರು ಅಮೆರಿಕದಿಂದ ಇಡೀ ಸ್ಟಿಯರಿಂಗ್ ಬಾಕ್ಸನ್ನು ಪ್ರೀತಿಯಿಂದ ಹೊತ್ತು ತಂದದ್ದು ಇಂದಿಗೂ ಅವರ ಗ್ಯಾರೇಜಿನ ಮೂಲೆಯಲ್ಲಿದೆ.

ಎಂಜಿನ್ನಿನ ಒಳಭಾಗಗಳು, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್, ಗಾಲಿ, ಕಾರ್ಬ್ಯುರೇಟರ್, ಡಿಸ್ಟ್ರಿಬ್ಯೂಟರ್ ಇವುಗಳನ್ನು ಹರ್ಷಿಯಲ್ಲಿ ನಿಶ್ಚಿಂತೆಯಿಂದ ಹುಡುಕಿ. ಸ್ಟಿಯರಿಂಗ್ ಬಾಕ್ಸ್ ಮತ್ತು ಅದರಿಂದ ಗಾಲಿಗೆ ಹೋಗುವ ಕಡ್ಡಿಗಳನ್ನು ಅಲ್ಲಿ ನಿರೀಕ್ಷಿಸಬೇಡಿ. ನಮ್ಮ ದೇಶಕ್ಕೆ ಬಂದ ಮಾಡೆಲ್ ಎ ಕಾರುಗಳು ಸಾಮಾನ್ಯವಾಗಿ ಕೆನಡಾದ ಫೋರ್ಡ್ ಮೂಲಕ ಬಂದವು. 1926ರಲ್ಲಿ ಇಲ್ಲಿ ಸ್ಥಾಪನೆಯಾದ ಫೋರ್ಡ್ ಕಂಪನಿ ಕೆನಡಾ ಕಂಪನಿಯ ಅಂಗವಾಗಿತ್ತು. ಬಿಡಿಯಾಗಿ ಹಡಗಿನಲ್ಲಿ ಬಂದ ಗಾಡಿಗಳನ್ನು ಬೊಂಬಾಯಿ, ಕಲ್ಕತ್ತಾ, ಮದರಾಸುಗಳಲ್ಲಿ ಜೋಡಿಸುತ್ತಿದ್ದರು. ಬಲಬದಿಯ ಸ್ಟಿಯರಿಂಗಿನ ಭಾಗಗಳು ಬೇಕಿದ್ದರೆ ಅದೇ ಕೆನಡಾದ ಗಾಡಿಗಳು ಹೋದ ಬೇರೆ ದೇಶಗಳತ್ತ ನೋಡಬೇಕು.

ಬಲಬದಿಯದು ಎಂದಾಕ್ಷಣ ಇಂಗ್ಲೆಂಡ್ ನೆನಪಾಗುವುದು ಸಹಜ. ಹ್ಯಾಂಪ್‌ಶೈರಿನ ಬ್ಯೂಲಿಯಲ್ಲಿ, ರಾಷ್ಟ್ರೀಯ ಮೋಟಾರು ವಸ್ತುಸಂಗ್ರಹಾಲಯದ ಆವರಣದಲ್ಲಿ, 1967ರಿಂದ ಆಟೋಜಂಬಲ್ ಎಂಬ ಹೆಸರಿನ ಇಂಥದೇ ದೊಡ್ಡ ಸಂತೆ ನಡೆದುಬಂದಿದೆ. ಅಲ್ಲಿ ಇನ್ನೊಂದು ಎಚ್ಚರ ಬೇಕು. ಆಗ ಬ್ರಿಟನ್ನಿನಲ್ಲಿ ಸಿಲಿಂಡರಿನ ಅಗಲದ ಲೆಕ್ಕದ ಮೇಲೆ ಕಾರಿಗೆ ತೆರಿಗೆ ಹಾಕುತ್ತಿದ್ದರು. ಅದಕ್ಕಾಗಿ ಫೋರ್ಡ್ ಅಲ್ಲಿ ಎ.ಎಫ್. ಎಂಬ ಸಣ್ಣ ಎಂಜಿನ್ನಿನ ಗಾಡಿಯನ್ನೂ ಮಾರಿತು. ನಿಮ್ಮ ಎಂಜಿನ್ ಸುಮಾರು 3.3 ಲೀಟರಿನದು, ಎ.ಎಫ್. ಎಂಜಿನ್ ಎರಡು ಲೀಟರಿಗಿಂತ ಸ್ವಲ್ಪವೇ ಹೆಚ್ಚು. ಅದರ ಪಿಸ್ಟನ್ ನಿಮ್ಮ ಸಿಲಿಂಡರಿನೊಳಗೆ ಗುಂಡುಕಲ್ಲಿನಂತೆ ಉರುಳಾಡುತ್ತದೆ.

ಹೊಸದಾಗಿ ಕೊಳ್ಳುವ ಮೊದಲು ಇರುವ ಸ್ಟಿಯರಿಂಗ್ ಬಾಕ್ಸನ್ನೇ ಬಿಚ್ಚಿ ನೋಡಿಸಿ. ಎಷ್ಟೋ ಸಲ ಪೆಟ್ಟಿಗೆ ಚೆನ್ನಾಗಿಯೇ ಇದ್ದು, ಬುಷ್ ಮತ್ತು ಬೇರಿಂಗ್ ಮಾತ್ರ ಸವೆದಿರುತ್ತವೆ. ಅವನ್ನು ಲೇತಿನಲ್ಲಿ ಮಾಡಿಕೊಡುವ ಕುಶಲಿಗಳು ಇನ್ನೂ ಇದ್ದಾರೆ. ಶಿವಾಜಿನಗರದ ಗುಜರಿ ಅಂಗಡಿಗಳು, ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ ಇವುಗಳನ್ನು ಒಮ್ಮೆ ಸುತ್ತದೆ ಕೈಬಿಡಬೇಡಿ.

ಸಾಗಣೆಯ ಬಗ್ಗೆ: ಬಳಸಿದ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲಿನ ವಾಸನೆ ಉಳಿದಿದ್ದರೆ ವಿಮಾನ ಸಂಸ್ಥೆ ಅದನ್ನು ಅಪಾಯಕಾರಿ ವಸ್ತುವೆಂದು ತಡೆಯುತ್ತದೆ. ಪೂರ್ತಿ ಬಿಚ್ಚಿ, ತೊಳೆದು, ಕೆಲವು ದಿನ ಗಾಳಿಗಿಟ್ಟು, ಆಮೇಲೂ ಸಂಸ್ಥೆಯನ್ನು ಮುಂಚಿತವಾಗಿ ಕೇಳಿಯೇ ಒಯ್ಯಬೇಕು. ಪ್ರತಿ ಭಾಗಕ್ಕೂ ಬೆಲೆ ಬರೆದ ಚೀಟಿಯನ್ನು ಮಾರಾಟಗಾರರಿಂದ ಕೇಳಿ ಪಡೆಯಿರಿ, ಸುಂಕದವರ ಮುಂದೆ ನೀವೇ ತೋರಿಸಿ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಹಣಕ್ಕಿಂತ ಹೆಚ್ಚಾಗಿ ಆ ಭಾಗವನ್ನೇ ಕಳೆದುಕೊಳ್ಳುತ್ತೀರಿ.

ಮೂಲ ಭಾಗಕ್ಕಾಗಿ ಇಷ್ಟು ಕಷ್ಟಪಡುವುದಕ್ಕೆ ಕಾನೂನಿನ ಕಾರಣವೂ ಇದೆ. 2021ರಲ್ಲಿ ಬಂದ ಕೇಂದ್ರದ ನಿಯಮದಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ವೈಯಕ್ತಿಕ ವಾಹನಗಳನ್ನು ವಿಂಟೇಜ್ ಎಂದು ಪರಿಗಣಿಸುತ್ತಾರೆ. ಚಾಸಿ, ಬಾಡಿ, ಎಂಜಿನ್ ಗಣನೀಯವಾಗಿ ಬದಲಾಗಿರಬಾರದು. ಅಜ್ಜನ ಹೆಸರಿನ ಹಳೆಯ ಆರ್.ಸಿ. ಪುಸ್ತಕ ಎಲ್ಲಿದೆ ಎಂದು ಇಂದೇ ಹುಡುಕಿಸಿ. ಅದು ಕಾರ್ಬ್ಯುರೇಟರಿಗಿಂತ ಅಪರೂಪದ ವಸ್ತು.

ಉತ್ತರ: ದಕ್ಷಿಣದ ಕನ್ನಡಿಗ (ಮೆಲ್ಬರ್ನ್)

ಕೆನಡಾದ ಗಾಡಿಗಳು ಹೋದ ದೇಶಗಳ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಆಸ್ಟ್ರೇಲಿಯದ ಫೋರ್ಡ್ ಕೂಡ ಕೆನಡಾ ಕಂಪನಿಯ ಕೂಸೇ. 1925ರಿಂದ ಜೀಲಾಂಗಿನಲ್ಲಿ ಗಾಡಿಗಳನ್ನು ಜೋಡಿಸಲು ಆರಂಭಿಸಿದ್ದರಿಂದ ಬಲಬದಿಯ ಮಾಡೆಲ್ ಎ ಭಾಗಗಳು ಇಲ್ಲಿನ ಹಳ್ಳಿಗಳ ಶೆಡ್ಡುಗಳಲ್ಲಿ ಇಂದಿಗೂ ಸಿಗುತ್ತವೆ. ವಿಕ್ಟೋರಿಯದ ಬೆಂಡಿಗೊ, ಬಲ್ಲಾರಟ್ ಇವು ಸ್ವಾಪ್ ಮೀಟಿಗೆ ಹೆಸರಾದ ಊರುಗಳು. ನಿಮ್ಮ ಸ್ಟಿಯರಿಂಗ್ ಬಾಕ್ಸಿನ ಚಿತ್ರವನ್ನು ನಾಲ್ಕೂ ಬದಿಯಿಂದ ತೆಗೆದು, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ಇಲ್ಲಿ ಹಾಕಿ. ಮುಂದಿನ ಸಲ ಹೋದಾಗ ನಾನೇ ಹುಡುಕುತ್ತೇನೆ.

ಒಂದು ಮುಖ್ಯ ಕೆಲಸವನ್ನು ಅದಕ್ಕೂ ಮೊದಲು ಮಾಡಿಸಿ. ಎಂಜಿನ್ ಬ್ಲಾಕಿನ ಎಡಬದಿಯಲ್ಲಿ, ನೀರಿನ ಕೊಳವೆ ಸೇರುವ ಜಾಗದ ಮೇಲೆ, ಸಮತಟ್ಟಾದ ಪಟ್ಟಿಯೊಂದಿದೆ. ಸಂಖ್ಯೆ ಅಲ್ಲಿ ಕೊರೆದಿರುತ್ತದೆ. ಅಮೆರಿಕದ್ದಾದರೆ ಎ ಅಕ್ಷರದಿಂದ, ಕೆನಡಾದ್ದಾದರೆ ಸಿ.ಎ. ಎಂದು, ಬ್ರಿಟನ್ನಿನ ಸಣ್ಣ ಎಂಜಿನ್ ಆದರೆ ಎ.ಎಫ್. ಎಂದು ಆರಂಭವಾಗುತ್ತದೆ. ನಿಮ್ಮ ಗಾಡಿಯ ಎಂಜಿನ್ನನ್ನು ನಡುವೆ ಯಾರಾದರೂ ಬದಲಿಸಿದ್ದಾರೆಯೇ ಎಂಬುದು ತಿಳಿಯದೆ ಪಿಸ್ಟನ್ ಕೊಳ್ಳಬೇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಮನಃಪೂರ್ವಕ ವಂದನೆಗಳು. ವಾರದ ಕೊನೆಯಲ್ಲಿ ತಮ್ಮನೊಂದಿಗೆ ಮಾತಾಡಿದೆ. ಫಲಕದ ತೂತು ಮೊಟ್ಟೆಯಾಕಾರದ್ದು, ಗಾಲಿ 19 ಅಂಗುಲದ್ದು, ಉಳಿದಿರುವ ಹೆಡ್‌ಲೈಟ್ ಉಕ್ಕಿನದು. ಅಂದರೆ ನಮ್ಮದು 1930ರ ಮೊದಲ ಭಾಗದ ಗಾಡಿ ಎಂದು ತಿಳಿಯಬಹುದೇ? ಡಿಸ್ಟ್ರಿಬ್ಯೂಟರನ್ನು ಅತ್ತಿಗೆಯ ತಮ್ಮ ಸೆಪ್ಟೆಂಬರಿನಲ್ಲಿ ಬರುವಾಗ ತರುತ್ತಾರೆ. ಹ್ಯಾರಿಸ್‌ಬರ್ಗಿನಲ್ಲಿ ಎರಡು ರಾತ್ರಿಗೆ ಕೋಣೆ ಕಾದಿರಿಸಿದ್ದೇನೆ. ಆರ್.ಸಿ. ಪುಸ್ತಕಕ್ಕಾಗಿ ಅಮ್ಮ ಅಜ್ಜನ ಟ್ರಂಕನ್ನು ತೆಗೆಸುತ್ತಿದ್ದಾರೆ.

ಎಂಜಿನ್ ಸಂಖ್ಯೆಯ ಪಟ್ಟಿಯ ಮೇಲೆ ಬೆರಳ ದಪ್ಪ ಗ್ರೀಸು, ಅದರ ಮೇಲೆ ಕಾಫಿ ಹೊಟ್ಟಿನ ಧೂಳು ಕೂತಿತ್ತಂತೆ. ತಮ್ಮ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿ, ವಿಡಿಯೊ ಕರೆಯಲ್ಲೇ ನನಗೆ ತೋರಿಸಿದ. ಅಂಕಿಗಳಲ್ಲಿ ಎರಡು ಅಳಿಸಿಹೋಗಿವೆ. ಮೊದಲ ಎರಡು ಅಕ್ಷರ ಮಾತ್ರ ಸ್ಪಷ್ಟವಾಗಿವೆ: ಸಿ.ಎ. ಸ್ಟಿಯರಿಂಗ್ ಬಾಕ್ಸಿನ ಚಿತ್ರಗಳನ್ನು ನಾಳೆ ಇಲ್ಲಿ ಹಾಕುತ್ತೇನೆ.