ನಾಟಿ ಮೊಟ್ಟೆ ಮತ್ತು ಹಕ್ಕಿಗಳ ಮಲೇರಿಯಾ: ನಮ್ಮ ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ದೊಡ್ಡಪ್ಪ (ಫಾರ್ವರ್ಡ್): ಹವಾಯಿಯ ಹಕ್ಕಿಗಳು ಮಲೇರಿಯಾದಿಂದ ಸಾಯುತ್ತಿವೆ, ಆದರೆ ಕೋಳಿಗಳಲ್ಲಿ ಅದನ್ನು ತಡೆಯುವ ಪ್ರತಿಕಾಯಗಳಿವೆ. ದಿನಕ್ಕೊಂದು ನಾಟಿ ಮೊಟ್ಟೆ ತಿಂದವರಿಗೆ ಮಲೇರಿಯಾ ಬರುವುದಿಲ್ಲ. ಎಲ್ಲರಿಗೂ ಕಳುಹಿಸಿ.

ನಾನು: ದೊಡ್ಡಪ್ಪ, ಇದನ್ನು ಬರೆದವರು ಯಾರು, ಯಾವ ಆಧಾರದ ಮೇಲೆ ಬರೆದರು ಎಂಬುದು ಎಲ್ಲಿಯೂ ಇಲ್ಲ. ಹವಾಯಿಯ ಮಾತು ನಿಜ. ಅಲ್ಲಿಗೆ ಹಡಗಿನಲ್ಲಿ ಸೊಳ್ಳೆ ಬಂದದ್ದೇ 1826ರಲ್ಲಿ. ಈ ರೋಗವನ್ನು ಹಿಂದೆಂದೂ ಕಂಡಿರದ ಇಇವಿ ಎಂಬ ಕೆಂಪು ಹಕ್ಕಿಗೆ ಸೋಂಕಿತ ಸೊಳ್ಳೆ ಒಮ್ಮೆ ಕಚ್ಚಿದರೂ ಹತ್ತರಲ್ಲಿ ಸುಮಾರು ಒಂಬತ್ತು ಸಾಯುತ್ತವೆ. ಮೊಟ್ಟೆಯ ಮಾತು ಮಾತ್ರ ಸುಳ್ಳು.

ದೊಡ್ಡಪ್ಪ: ಕೊರೋನಾ ಕಾಲದಲ್ಲಿ ನಾನು ಕಷಾಯದ ಬಗ್ಗೆ ಬರೆದಾಗಲೂ ನೀನು ಎಲ್ಲರ ಮುಂದೆ ಹೀಗೆಯೇ ಆಧಾರ ಕೇಳಿದ್ದೆ. ಹಿರಿಯರ ಮಾತಿನ ಹಿಂದೆ ಕಾಳಜಿ ಇರುತ್ತದೆ ಎಂಬುದನ್ನು ಓದಿದವರು ಮೊದಲು ಕಲಿಯಬೇಕು.

ಸೋದರತ್ತೆ: ಅಮ್ಮ ಹಿತ್ತಲಿನಲ್ಲಿ ಸಾಕಿದ್ದ ಕೋಳಿಗಳು ನೆನಪಾದವು. ಮರಿಗಳಿಗೆ ತಾಯಿಯ ಕಾವಲು ಹೊಟ್ಟೆಯೊಳಗಿನಿಂದಲೇ ಬರುತ್ತದೆ ಎನ್ನುತ್ತಿದ್ದಳು. ಆ ಕೋಳಿಗಳನ್ನು ಯಾರನ್ನೂ ಕೇಳದೆ ಮಾರಿದವರು ಯಾರೆಂದು ನಾನು ಮತ್ತೆ ಹೇಳಬೇಕಾಗಿಲ್ಲ.

ದೊಡ್ಡಪ್ಪ: ಕೊಟ್ಟಿಗೆಗೆ ಕೋಳಿರೋಗ ಬಂದಿತ್ತು, ಅದಕ್ಕೇ ಮಾರಿದೆ.

ನಾನು: ಅಜ್ಜಿಯ ಮಾತು ಸರಿಯಾಗಿತ್ತು, ಅತ್ತೆ. ತಾಯಿಕೋಳಿ ತನ್ನ ಪ್ರತಿಕಾಯಗಳನ್ನು ಮೊಟ್ಟೆಯ ಹಳದಿಯ ಮೂಲಕ ಮರಿಗೆ ಕೊಡುತ್ತದೆ, ಅವು ಕೆಲವು ವಾರ ಉಳಿಯುತ್ತವೆ. ಅದೇ ಮೊಟ್ಟೆಯನ್ನು ಬೇಯಿಸಿ ತಿಂದರೆ ಅವು ಬೇರೆಲ್ಲ ಪ್ರೋಟೀನಿನಂತೆ ಜೀರ್ಣವಾಗುತ್ತವೆ. ಅಲ್ಲದೆ ಹಕ್ಕಿಗಳಿಗೆ ಮಲೇರಿಯಾ ತರುವ ಪರಾವಲಂಬಿ ಸೂಕ್ಷ್ಮಜೀವಿ ಬೇರೆ, ಮನುಷ್ಯರದು ಬೇರೆ.

ದೊಡ್ಡಪ್ಪನ ಮಗ: ಆಧಾರ ನಾನು ಕೊಡುತ್ತೇನೆ. 1941ರಲ್ಲಿ ಕೂನೂರಿನ ಮುಲ್ಲಿಗನ್, ರಸೆಲ್ ಮತ್ತು ಮೋಹನ್ ಎಂಬ ಸಂಶೋಧಕರು ನಿಷ್ಕ್ರಿಯಗೊಳಿಸಿದ ಪರಾವಲಂಬಿಗಳನ್ನು ಕೋಳಿಗಳಿಗೆ ಚುಚ್ಚಿ ಮಲೇರಿಯಾದ ವಿರುದ್ಧ ರಕ್ಷಣೆ ಹುಟ್ಟಿಸಿದ್ದರು. ಅಪ್ಪ ಹೇಳಿದ್ದರಲ್ಲಿ ಹುರುಳೇ ಇಲ್ಲವೆನ್ನಬೇಡ.

ನಾನು: ಆ ಪ್ರಯೋಗ ದೊಡ್ಡದು, ಅಣ್ಣ, ಆದರೆ ಅಲ್ಲಿ ರಕ್ಷಣೆ ಸಿಕ್ಕಿದ್ದು ಚುಚ್ಚಿಸಿಕೊಂಡ ಕೋಳಿಗೆ, ಅದೂ ಭಾಗಶಃ. ಪರಾವಲಂಬಿ ಒಂದು ಕೆಂಪು ರಕ್ತಕಣವನ್ನು ಒಡೆದು ಹೊರಬಂದು ಇನ್ನೊಂದನ್ನು ಹೊಗುವ ನಡುವಿನ ಅಲ್ಪ ಹೊತ್ತಿನಲ್ಲಿ ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡು ದಾರಿ ತಡೆಯುತ್ತವೆ, ಗುಲ್ಮದಲ್ಲಿರುವ (ಸ್ಪ್ಲೀನ್ ಎಂಬ ಅಂಗ) ಭಕ್ಷಕ ಕಣಗಳು ಅದನ್ನು ನುಂಗುವಂತೆಯೂ ಮಾಡುತ್ತವೆ. ಕಣದೊಳಗೆ ಸೇರಿಕೊಂಡದ್ದನ್ನು ಮಾತ್ರ ನೇರವಾಗಿ ಮುಟ್ಟಲಾರವು. ಹೀಗಾಗಿ ಬದುಕುಳಿದ ಹಕ್ಕಿ ಅದೇ ಸೋಂಕು ಮರಳಿ ಬಂದರೆ ತಾಳಿಕೊಳ್ಳುತ್ತದೆ, ಆದರೆ ಅದರ ರಕ್ತದಲ್ಲಿ ಸ್ವಲ್ಪ ಸೋಂಕು ಉಳಿದೇ ಇರುತ್ತದೆ, ಕಚ್ಚಿದ ಸೊಳ್ಳೆ ಅದನ್ನು ಮುಂದಿನ ಹಕ್ಕಿಗೆ ಒಯ್ಯುತ್ತದೆ. ಹವಾಯಿಯ ಕಾಡುಗಳಲ್ಲಿ ಈ ರೋಗ ಅಳಿಯದಿರಲು ಇದೂ ಒಂದು ಕಾರಣ, ನನಗೆ ಅತ್ಯಂತ ನೋವು ಕೊಡುವುದೂ ಇದೇ.

ದೊಡ್ಡಪ್ಪ: ಮಂಗಳೂರಿನಲ್ಲಿ ತಮ್ಮನ ಮಗನಿಗೆ ಚಳಿಜ್ವರ ಬಂದಿದೆ. ಅದಕ್ಕಾಗಿ ಕಳುಹಿಸಿದೆ, ವಾದ ಮಾಡಲಿಕ್ಕಲ್ಲ.

ನಾನು: ಹಾಗಿದ್ದರೆ ಇಂದೇ ರಕ್ತ ಪರೀಕ್ಷೆ ಮಾಡಿಸಬೇಕು, ಚಿಕ್ಕಪ್ಪ. ಯಾವ ಬಗೆಯ ಮಲೇರಿಯಾ ಎಂದು ಗೊತ್ತಾದ ಮೇಲೆ ವೈದ್ಯರು ಕೊಟ್ಟ ಮಾತ್ರೆಗಳನ್ನು ಕೊನೆಯವರೆಗೂ ತೆಗೆದುಕೊಳ್ಳಬೇಕು.

ಚಿಕ್ಕಪ್ಪ: ಈಗಲೇ ಹೊರಡುತ್ತಿದ್ದೇವೆ. ಅಣ್ಣ, ದಯವಿಟ್ಟು ಆ ಸಂದೇಶವನ್ನು ಇನ್ನೆಲ್ಲಿಗೂ ಕಳುಹಿಸಬೇಡಿ. ಬೀಗರ ಗುಂಪಿಗೆ ಆಗಲೇ ಬಂದಿದೆ.

ದೊಡ್ಡಪ್ಪ: ಅಲ್ಲಿಗೆ ಹಾಕಿದ್ದು ನಾನಲ್ಲ.