ಪೆಲಿಕನ್ ಪಟ್ಟಣದ ಪಾಳುಬಿದ್ದ ಭವನ: ನಾವೇ ಕಟ್ಟಬೇಕೇ, ದುಡ್ಡು ಕೊಟ್ಟು ಮುಗಿಸಬೇಕೇ?

ಸುಮಂತ: ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ವಿಡಿಯೊ ಆಟದಲ್ಲಿ ನನಗೆ ಮೊದಲ ವರ್ಷದ ಶರತ್ಕಾಲ ನಡೆಯುತ್ತಿದೆ. ಆಟದ ಊರಾದ ಪೆಲಿಕನ್ ಪಟ್ಟಣದ ಸಮುದಾಯ ಭವನದ ಆರು ಕೋಣೆಗಳಲ್ಲಿ ಎರಡಷ್ಟೇ ದುರಸ್ತಿಯಾಗಿವೆ. ಕೋಣೆ ದುರಸ್ತಿಯಾಗಲು ನಾವು ತಂದೊಪ್ಪಿಸಬೇಕಾದ ವಸ್ತುಗಳ ಕಟ್ಟುಗಳಲ್ಲಿ (ಬಂಡಲ್) ಒಂದಕ್ಕೆ ಕೆಂಪು ಎಲೆಕೋಸು ಬೇಕು, ಪಿಯರ್ ಅಂಗಡಿಯಲ್ಲಿ ಅದರ ಬೀಜ ಎರಡನೆಯ ವರ್ಷಕ್ಕೇ ಬರುವುದು. 5,000 ನಾಣ್ಯ ಕೊಟ್ಟು, ಊರಿನಲ್ಲಿ ದೊಡ್ಡ ಅಂಗಡಿ ಇಟ್ಟಿರುವ ಜೋಜಾ ಕಂಪನಿಯ ಸದಸ್ಯತ್ವ ಪಡೆದು, ದುಡ್ಡಿನಿಂದಲೇ ಕೆಲಸ ಮುಗಿಸಿಬಿಡಲೇ?

ರೇಖಾ: ದಯವಿಟ್ಟು ಬೇಡ. ಸದಸ್ಯತ್ವ ಪಡೆದ ಮರುದಿನದಿಂದ ಆ ಭವನ ಜೋಜಾದ ಗೋದಾಮು. ಆಟದ ಮೊದಲ ದೃಶ್ಯ ನೆನಪಿದೆಯೇ? ನಾವು ಜೋಜಾ ಕಚೇರಿಯ ಮೇಜಿನ ಮುಂದೆ ಬೇಸತ್ತು ಕುಳಿತು, ತನ್ನ ತೋಟವನ್ನು ನಮಗೆ ಬಿಟ್ಟುಹೋದ ಅಜ್ಜನ ಪತ್ರ ಒಡೆಯುತ್ತೇವೆ. ಬಿಟ್ಟು ಬಂದ ಕಂಪನಿಗೇ ಊರನ್ನು ಒಪ್ಪಿಸುವುದೇ?

ನವೀನ: ಭವನದ ಕೋಣೆ ಮುಗಿಸಿದರೆ ದುರಸ್ತಿಯಾಗುವ ಸೇತುವೆ, ಬಸ್ಸು, ಗಾಜಿನ ಮನೆ, ಗಣಿಬಂಡಿ ಎಲ್ಲವೂ ಜೋಜಾದಿಂದಲೂ ಆಗುತ್ತವೆ. ಬಸ್ಸು ಓಡಿದರೆ ಊರಿನ ಪ್ಯಾಮ್‌ಗೆ ಚಾಲಕಿಯ ಕೆಲಸ ಮರಳಿ ಸಿಗುತ್ತದೆ, ಅದು ಯಾರ ದುಡ್ಡಿನಿಂದಾದರೇನು? ಭವನ ಪೂರ್ತಿಯಾದರೆ ಜೋಜಾ ಅಂಗಡಿ ಮುಚ್ಚುತ್ತದೆ. ಅಲ್ಲಿ ದುಡಿಯುವ ಶೇನ್‌ನ ಗತಿಯನ್ನು ಯಾರೂ ಕೇಳುವುದಿಲ್ಲ. ನನಗೆ ಇದು ನಿಜಕ್ಕೂ ನೋವಿನ ವಿಷಯ.

ರೇಖಾ: ಶೇನ್ ವಿಷಯ ಒಪ್ಪುತ್ತೇನೆ ನವೀನ್ ಅವರೇ, ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಆದರೆ ಖರ್ಚಿನ ಲೆಕ್ಕ ನೋಡಿ. ಬಸ್ಸಿಗೆ ಜೋಜಾ ಕೇಳುವುದು 40,000, ಅದೇ ಬಸ್ಸಿಗಾಗಿ ಭವನದ ತಿಜೋರಿ ಕೋಣೆಗೆ ನಾವು ಹಾಕುವುದು 42,500. ಹೆಚ್ಚುಕಡಿಮೆ ಒಂದೇ. ಉಳಿದ ಕೋಣೆಗಳಲ್ಲಿ ವ್ಯತ್ಯಾಸವಿದೆ. ಅಲ್ಲಿ ದುಡ್ಡಲ್ಲ, ವಸ್ತುಗಳನ್ನು ನಾವೇ ಹುಡುಕಿ ತರಬೇಕು. ಒಂದು ಬಂಡಲ್‌ಗೆ ಬೇಕಾದ ಕ್ಯಾಟ್‌ಫಿಶ್ ಎಂಬ ಮೀನು ಮಳೆಯಲ್ಲಷ್ಟೇ ಗಾಳಕ್ಕೆ ಬೀಳುತ್ತದೆ. ಮಳೆ ಬಂದರೆ ಗಿಡಗಳಿಗೆ ನೀರುಣಿಸುವ ಕೆಲಸ ಇರುವುದಿಲ್ಲ, ಬೆಳಿಗ್ಗೆಯೇ ಹೊಳೆಯ ದಂಡೆಗೆ ಓಡುತ್ತೇನೆ. ಹಾಗೆ ಓಡಿದ ಮೇಲೆಯೇ ನನಗೆ ಆ ಹೊಳೆಯ ಪರಿಚಯವಾದದ್ದು. ಯಾವ ಋತುವಿನಲ್ಲಿ ಏನು ಎಲ್ಲಿ ಸಿಗುತ್ತದೆ ಎಂದು ಕಲಿಯುತ್ತಾ ಊರು ನಮ್ಮದಾಗುತ್ತದೆ.

ನವೀನ: ದಿನಕ್ಕೆ ಅರ್ಧ ಗಂಟೆ ಆಡುವವರಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

ವಸುಧಾ: ಆತುರ ಏಕೆ? ತೀರಿಹೋದ ಅಜ್ಜನ ಆತ್ಮ ನಾವು ತೋಟ ಹೇಗೆ ನೋಡಿಕೊಂಡಿದ್ದೇವೆ ಎಂದು ಅಳೆಯಲು ಬರುವುದು ಮೂರನೆಯ ವರ್ಷದ ಆರಂಭಕ್ಕೆ. ಆಗ ಮನಸ್ಸಿಗೆ ಬಂದಷ್ಟು ಆಗದಿದ್ದರೂ, ಅಜ್ಜನ ಗುಡಿಯಲ್ಲಿ ಒಂದು ವಜ್ರ ಇಟ್ಟು ಮತ್ತೆ ಕರೆಯಬಹುದು. ಎರಿಕ್ ಬ್ಯಾರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕುಳಿತು ಮಾಡಿ 2016ರಲ್ಲಿ ಬಿಡುಗಡೆ ಮಾಡಿದ ಆಟ ಇದು, ನಿಧಾನವಾಗಿಯೇ ಆಡಿ. ಸುಮಂತ್, ಕಾಡಿನಲ್ಲಿ ಶುಕ್ರವಾರ, ಭಾನುವಾರ ವ್ಯಾಪಾರಿ ಬಂಡಿ ನಿಲ್ಲುತ್ತದೆ. ಒಮ್ಮೊಮ್ಮೆ ಅಲ್ಲಿ ಕೆಂಪು ಎಲೆಕೋಸು ಇರುತ್ತದೆ, ನನಗೆ ಚಳಿಗಾಲದಲ್ಲಿ ಸಿಕ್ಕಿತ್ತು.

ಸುಮಂತ: ಆಟದಲ್ಲಿ ಈಗ ಶುಕ್ರವಾರ. ಬಂಡಿ ನೋಡಿ ಬಂದೆ, ಎಲೆಕೋಸು ಇಲ್ಲ. ಸದಸ್ಯತ್ವದ ದುಡ್ಡು ಹಾಗೆಯೇ ಇಟ್ಟುಕೊಂಡಿದ್ದೇನೆ. ಭಾನುವಾರ ಮತ್ತೆ ಹೋಗುತ್ತೇನೆ.